ಚಿಮಣಿಯ ಲೆಕ್ಕ

ನ್ಯಾಯಾಲಯದ ಕೆಲಸಕ್ಕಾಗಿ ಲೋಹಾರಾದಿಂದ ಸೊಲ್ಲಾಪುರಕ್ಕೆ ಹೋಗುವುದು ನನಗೆ ವಾಡಿಕೆಯ ಪ್ರಯಾಣ. ತೊಗರಿ, ಸೋಯಾಬೀನ್ ಹೊಲಗಳನ್ನು ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ ನಳದುರ್ಗದ ಕೋಟೆ, ಬೋರಿ ನದಿ, ಮುಂದೆ ಬೋರಾಮಣಿ. ಕಳೆದ ಸಲ ಶಾಲೆಗೆ ರಜೆಯಿದ್ದುದರಿಂದ ಮಗಳೂ ಜೊತೆಗಿದ್ದಳು. ಕೆಲಸ ಮುಗಿಸಿ ಹೊಟಗಿಯ ಕಡೆಗೆ ಹೊರಳಿದೆವು.

ಅಲ್ಲಿ ಫತಾಟೇವಾಡಿಯ ಬಯಲಿನಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 660 ಮೆಗಾವ್ಯಾಟ್‌ನ ಎರಡು ಘಟಕಗಳು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಉಜನಿ ಜಲಾಶಯದಿಂದ. ಇದೇ ಹೊಟಗಿ–ಗದಗ ರೈಲುಮಾರ್ಗದಲ್ಲಿ ಮುಂದುವರಿದರೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಇನ್ನೊಂದು. ಗಡಿಯ ಎರಡೂ ಬದಿಗೆ ಕನ್ನಡದ ಮನೆಗಳು, ಎರಡೂ ಬದಿಗೆ ಚಿಮಣಿಗಳು.

“ಅಪ್ಪಾ, ಎಷ್ಟ್ ಹೊಗಿ ಬಿಡ್ಲಾಕತ್ತದ ನೋಡ್ರಿ!” ಎಂದಳು ಮಗಳು. ಅವಳು ತೋರಿಸಿದ್ದು ನೀರನ್ನು ತಣಿಸುವ ಗೋಪುರಗಳ ಬಿಳಿಯ ಆವಿಯನ್ನು. ಅಂಜಬೇಕಾದುದು ಕಣ್ಣಿಗೆ ಬೀಳುವುದಿಲ್ಲ. ಚಿಮಣಿಯಿಂದ ಹೊರಡುವ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗಬಲ್ಲದು. ಮುಂಗಾರಿನ ನೈಋತ್ಯ ಗಾಳಿ ಸೊಲ್ಲಾಪುರದಿಂದ ಬೀಸುವುದು ನಮ್ಮೂರಿನ ದಿಕ್ಕಿಗೇ.

ಕಾಣದ್ದನ್ನು ಅಳೆಯುವ ಬಗೆಯುಂಟು. ಚಿಮಣಿಯಲ್ಲೇ ಕೂರಿಸಿದ ಯಂತ್ರಗಳು ಹೊಗೆಯನ್ನು ಎಡೆಬಿಡದೆ ಅಳೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂಕಿಗಳನ್ನು ಕಳುಹಿಸುತ್ತವೆ. 2017ರಲ್ಲಿ ಹಾರಿಸಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹವು ಇಂಥ ಅನಿಲಗಳನ್ನು ಆಕಾಶದಿಂದಲೇ ಗುರುತಿಸುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ಥಾವರಗಳಿಗೆ ಮಿತಿ ವಿಧಿಸಿತು. 2017ರ ನಂತರದ ಘಟಕಗಳಿಗೆ ಧೂಳುಕಣದ ಮಿತಿ ಘನಮೀಟರಿಗೆ 30 ಮಿಲಿಗ್ರಾಂ. ಪಾಲನೆಯ ಗಡುವು ಮಾತ್ರ ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದ ಕಡ್ಡಾಯದಿಂದಲೇ ವಿನಾಯಿತಿ ದೊರೆಯಿತು.

ವಕೀಲನಾಗಿ ಒಂದು ಮಾತು. 1981ರ ವಾಯು ಕಾಯಿದೆಯ 51ನೆಯ ಕಲಮಿನಂತೆ ರಾಜ್ಯ ಮಂಡಳಿಯು ತಾನು ನೀಡಿದ ಸಮ್ಮತಿ ಹಾಗೂ ವಿಧಿಸಿದ ಮಿತಿಗಳ ವಹಿ ಇಡಬೇಕು. ಬಾಧಿತರು ಅದನ್ನು ನೋಡಬಹುದು. ಅಳತೆಯ ಅಂಕಿಗಳನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ನಮ್ಮ ಮಕ್ಕಳ ಉಸಿರಿನ ಲೆಕ್ಕವನ್ನು ಕೇಳುವವರು ನಾವೇ ಆಗಬೇಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವು ಸಾಸ್ತೂರನ್ನು ಕೆಡವಿದಾಗ ನಾನು ಶಾಲಾ ಬಾಲಕ. ನೆಲ ಮುನ್ಸೂಚನೆ ಕೊಡಲಿಲ್ಲ. ಚಿಮಣಿ ಹಾಗಲ್ಲ, ಅದರ ಲೆಕ್ಕ ದಿನವೂ ದಾಖಲಾಗುತ್ತದೆ.

ಮರಳುವಾಗ ಮಗಳು ಕೇಳಿದಳು: “ಆ ವಹಿ ನೋಡ್ಲಿಕ್ಕ ನಾನೂ ಬರ್ಲಿ?”

ಬಾ ಎಂದೆ.