ಒಂದೇ ಅಳತೆಯ ಕಣ್ಣು

ಹವ್ಯಾಸಗಳಿಗೂ ಒಂದು ಆಯುಸ್ಸುಂಟು. ಕಲಿಯಬೇಕೆಂದು ಕೊಂಡ ವೀಣೆ ಅಟ್ಟ ಸೇರುತ್ತದೆ. ಅಂಚೆಚೀಟಿಗಳ ಪುಸ್ತಕ ಗೆದ್ದಲಿನ ಪಾಲಾಗುತ್ತದೆ. ವಾಯುವಿಹಾರಕ್ಕೆಂದು ತಂದ ಬೂಟುಗಳು ತರಕಾರಿ ಅಂಗಡಿಯವರೆಗೆ ಮಾತ್ರ ಹೋಗಿಬರುತ್ತವೆ. ಯಾವ ಹವ್ಯಾಸವೂ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ಅದಕ್ಕೆ ಬಿಡುವು ಕಡಮೆಯಾಗುತ್ತದೆ. ಅನಂತರ ಬಿಡುವು ಸಿಕ್ಕಿದರೂ ಮನಸ್ಸು ಸಿಕ್ಕುವುದಿಲ್ಲ.

ನನ್ನ ಛಾಯಾಗ್ರಹಣದ ಹವ್ಯಾಸ ಈ ಎರಡನೆಯ ಘಟ್ಟವನ್ನು ಮುಟ್ಟಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಕ್ಯಾಮೆರಾ ಏತಕ್ಕೆಂದು ಕೇಳುವವರಿಗೆ ಹಿಂದೆ ನನ್ನಲ್ಲಿ ಉತ್ತರವಿತ್ತು. ಎರಡು ವರ್ಷಗಳಿಂದ ಈಚೆಗೆ ಆ ಉತ್ತರ ನನಗೇ ಸಪ್ಪೆಯೆನಿಸತೊಡಗಿತು. ಕ್ಯಾಮೆರಾದ ಜೊತೆಯಲ್ಲಿಯೇ ಬಂದಿದ್ದ ಜೂಮ್ ಮಸೂರವೇನೋ ಬಲು ಉಪಕಾರಿ. ನಿಂತಲ್ಲಿಯೇ ಉಂಗುರವನ್ನು ತಿರುವಿದರೆ ಗೋಪುರ ಹತ್ತಿರ ಬರುತ್ತದೆ. ಹಿಂದಕ್ಕೆ ತಿರುವಿದರೆ ದೂರ ಸರಿಯುತ್ತದೆ. ಸಾವಿರಾರು ಚಿತ್ರಗಳು ಕಂಪ್ಯೂಟರಿನಲ್ಲಿ ರಾಶಿ ಬಿದ್ದವು. ಅವುಗಳಲ್ಲಿ ಕಣ್ಣುಮುಚ್ಚಿದಾಗ ನೆನಪಿಗೆ ಬರುವಂಥದು ಒಂದೂ ಇರಲಿಲ್ಲ.

ಇದಕ್ಕೆ ಮದ್ದು ಸೂಚಿಸಿದವರು ಭೌತಶಾಸ್ತ್ರ ವಿಭಾಗದ ನನ್ನ ಮಿತ್ರರು. "ಜೂಮ್ ಬಿಡಿ ಮೇಷ್ಟ್ರೇ. ಸಂಗಮದೂರ ಬದಲಾಗದ ಒಂದು ಮಸೂರ ತೆಗೆದುಕೊಳ್ಳಿ" ಎಂದು ಹೇಳಿ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹಳೆಯ ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಅದರ ಕರ್ಣ ಸುಮಾರು 43 ಮಿಲಿಮೀಟರ್. ಆ ಅಳತೆಯ ಆಸುಪಾಸಿನಲ್ಲಿರುವ ಮಸೂರ ದೂರದ್ದನ್ನು ಎಳೆದು ತರುವುದೂ ಇಲ್ಲ, ಹತ್ತಿರದ್ದನ್ನು ಆಚೆಗೆ ತಳ್ಳುವುದೂ ಇಲ್ಲ. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ 50 ಮಿಲಿಮೀಟರಿನ ಮಸೂರದೊಡನೆ ಮಾರುಕಟ್ಟೆಗೆ ಬಂದಂದಿನಿಂದ ಆ ಅಳತೆಯೇ ರೂಢಿಯಾಯಿತು. ಫ್ರಾನ್ಸಿನ ಆಂರಿ ಕಾರ್ತಿಯೆ-ಬ್ರೆಸ್ಸೋಂ ತನ್ನ ಬಹುಪಾಲು ಕೆಲಸವನ್ನು ಅಂಥ ಒಂದು ಮಸೂರದಿಂದಲೇ ಮಾಡಿದ. 1948ರ ಜನವರಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನು ನಮ್ಮ ದೇಶದಲ್ಲಿದ್ದುಕೊಂಡು ಚಿತ್ರಿಸಿದವನು ಆತನೇ. ನನ್ನ ಕ್ಯಾಮೆರಾದ ಒಳಗಿನ ಫಲಕ ಹಳೆಯ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಅದಕ್ಕೆ 35 ಮಿಲಿಮೀಟರಿನದೇ ಸರಿಯಾದ ಜೊತೆ.

ಮಸೂರ ಮನೆಗೆ ಬಂದಿತು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ನನ್ನ ಶ್ರೀಮತಿ ಅದನ್ನು ತಿರುಗಿಸಿ ನೋಡಿ, "ಅಲ್ಲಾರೀ, ಹಿಂದಕ್ಕೂ ಹೋಗೋಲ್ಲ, ಮುಂದಕ್ಕೂ ಬರೋಲ್ಲ. ಇದಕ್ಕೇನಾ ಇಷ್ಟು ದುಡ್ಡು ಕೊಟ್ಟಿದ್ದು?" ಎಂದಳು. ಹಿಂದೆ ಮುಂದೆ ಹೋಗುವ ಕೆಲಸ ಇನ್ನು ಮೇಲೆ ನನ್ನದೆಂದು ಹೇಳಿದೆ. "ಹಾಗಾದರೆ ವ್ಯಾಯಾಮವಾದರೂ ಆಯಿತು" ಎಂದು ಆಕೆ ಸಮಾಧಾನಪಟ್ಟುಕೊಂಡಳು.

ಮರುದಿನ ಬೆಳಗಿನ ಜಾವ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದೆ. ಹಿಂದೆಲ್ಲ ಕಂಬದ ಮರೆಯಲ್ಲಿ ನಿಂತು ಉಂಗುರ ತಿರುವಿ ಚಿತ್ರ ತೆಗೆದುಕೊಂಡು ಬಂದವನು ನಾನು. ಈ ಸಲ ಕಂಬದ ಮರೆಯಿಂದ ನೋಡಿದರೆ ಹೂವಾಡಗಿತ್ತಿ ಹೆಬ್ಬೆಟ್ಟಿನಷ್ಟಾಗಿ ಕಂಡಳು. ನಾಲ್ಕು ಹೆಜ್ಜೆ ಮುಂದಿಟ್ಟೆ, ಸಾಲದು. ಇನ್ನೆರಡು ಇಟ್ಟೆ. ಅಷ್ಟರಲ್ಲಿ ಆಕೆಯ ಬುಟ್ಟಿಯ ಮುಂದೆಯೇ ನಿಂತಿದ್ದೆ. "ಏನ್ ಸಾಮಿ, ಹೂ ಬೇಕಾ, ಫೋಟೋ ಬೇಕಾ?" ಎಂದು ಕೇಳಿಯೇಬಿಟ್ಟಳು. ಎರಡೂ ಬೇಕೆಂದೆ. ಆಕೆ ನಕ್ಕು, ಮಲ್ಲಿಗೆಯನ್ನು ಮೊಳಕೈಗೆ ಹಿಡಿದು ಅಳೆಯತೊಡಗಿದಳು. ಆ ನಗೆ, ಆ ಕೈ ಎರಡೂ ಚೌಕಟ್ಟಿನೊಳಕ್ಕೆ ಬಂದುವು. ಮನೆಗೆ ತಂದ ಎರಡು ಮೊಳ ಹೂವನ್ನು ಶ್ರೀಮತಿ ಮಸೂರದ ಬೆಲೆಯಲ್ಲಿ ವಜಾ ಮಾಡಿಕೊಂಡಳು.

ಕುಮಾರವ್ಯಾಸನ ಭಾರತವನ್ನು ಪಾಠ ಹೇಳುವಾಗ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆಯೊಂದುಂಟು: "ಭಾಮಿನಿ ಷಟ್ಪದಿಯಲ್ಲಿ ಪದ್ಯಕ್ಕೆ ಆರೇ ಸಾಲು, ಎಣಿಸಿದಂತೆ 102 ಮಾತ್ರೆ. ಕವಿಗೆ ಕೈ ಕಟ್ಟಿಹಾಕಿದಂತೆ ಆಗುವುದಿಲ್ಲವೇ ಸಾರ್?" ನಾಲ್ಕು ಸಾಲುಗಳಿಗೆ 14ರಂತೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ 23ರಂತೆ ಮಾತ್ರೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ದ್ರೌಪದಿಯ ಗೋಳೂ ಉತ್ತರಕುಮಾರನ ಬಡಾಯಿಯೂ ಈ ಅಳತೆಯೊಳಗೇ ಹಿಡಿದುವಲ್ಲವೇ ಎಂದು ಹೇಳಿ ಮುಂದೆ ಸಾಗುವುದು ನನ್ನ ವಾಡಿಕೆ. ಅಳತೆ ಗೊತ್ತಾದ ಮೇಲೆ ಕವಿಯ ಗಮನವೆಲ್ಲ ಹೇಳಬೇಕಾದ ಮಾತಿನ ಕಡೆಗೆ ಹರಿಯುತ್ತದೆ. ಹತ್ತು ದಿನಗಳ ಅಭ್ಯಾಸವಾದ ಮೇಲೆ ನನಗೂ ಹಾಗೆಯೇ ಆಯಿತು. ಕ್ಯಾಮೆರಾವನ್ನು ಕಣ್ಣಿಗೆ ಏರಿಸುವ ಮೊದಲೇ ಎಲ್ಲಿ ನಿಲ್ಲಬೇಕೆಂಬುದು ಕಾಲುಗಳಿಗೆ ತಿಳಿಯತೊಡಗಿತು.

ಈ ಮಸೂರ ಎಲ್ಲ ಕೆಲಸಕ್ಕೂ ಒದಗುತ್ತದೆಂದು ಹೇಳಲಾರೆ. ಮರದ ತುದಿಯ ಹಕ್ಕಿ ಇದಕ್ಕೆ ಬರಿಯ ಚುಕ್ಕೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ತೆಗೆದ ಚಿತ್ರದಲ್ಲಿ ನನ್ನ ಮಗಳು ಯಾವ ಚಿಟ್ಟೆಯೆಂಬುದನ್ನು ಅವಳೇ ಬೆರಳಿಟ್ಟು ತೋರಿಸಬೇಕಾಯಿತು. ಆದರೆ ಮಂದ ಬೆಳಕಿನಲ್ಲಿ ಇದರ ಸಾಮರ್ಥ್ಯ ದೊಡ್ಡದು. ಬೆಳಕಿನ ಕಿಂಡಿಯನ್ನು ಎಫ್ 1.8ರವರೆಗೆ ತೆರೆಯಬಹುದು, ಅದೇ ಅಳತೆಯಲ್ಲಿ ನನ್ನ ಜೂಮ್ ಒಳಬಿಡುತ್ತಿದ್ದ ಬೆಳಕಿನ ಸುಮಾರು ಆರರಷ್ಟು ಒಳಗೆ ಬರುತ್ತದೆ. ಫ್ಲಾಷಿನ ಹಂಗಿಲ್ಲ.

ಇದರಿಂದಲೇ ನಮ್ಮ ತಾಯಿಯವರ ಚಿತ್ರ ಸಾಧ್ಯವಾದದ್ದು. ನಮ್ಮ ಮನೆಯ ನಡುಮನೆಯಲ್ಲಿ ತಂದೆಯವರ ಒಂದು ಭಾವಚಿತ್ರವಿದೆ. ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಅವರ ಮುಖವೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದವರ ಭುಜದ ತುಣುಕು ಈಗಲೂ ಅಂಚಿನಲ್ಲಿ ಉಳಿದಿದೆ. ಅವರು ತೀರಿಕೊಂಡಾಗ ಬೇರೆ ಚಿತ್ರ ಸಿಕ್ಕಲಿಲ್ಲ. ಮನೆಯಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವರು ಅವರೇ ಆದದ್ದರಿಂದ ಅವರು ಯಾವ ಚಿತ್ರದಲ್ಲಿಯೂ ಇಲ್ಲ. ತಾಯಿಯವರಿಗಾದರೋ ಫ್ಲಾಷಿನ ಬೆಳಕು ಬಿದ್ದೊಡನೆ ಕಣ್ಣು ಮುಚ್ಚುತ್ತದೆ; ದೂರದಿಂದ ಕ್ಯಾಮೆರಾ ಕಂಡರೆ ಸೆರಗು ಸರಿಪಡಿಸಿಕೊಂಡು ಕಂಬದಂತೆ ನಿಂತುಬಿಡುತ್ತಾರೆ. ಅರುವತ್ತೆಂಟು ವರ್ಷದ ಅವರದೊಂದು ಒಳ್ಳೆಯ ಚಿತ್ರ ಮನೆಯಲ್ಲಿಲ್ಲವೆಂಬುದು ನನ್ನ ಮನಸ್ಸಿನ ಮೂಲೆಯಲ್ಲಿ ಬಹುದಿನಗಳಿಂದ ಕೊರೆಯುತ್ತಿತ್ತು.

ಒಂದು ಭಾನುವಾರ ಅವರು ಅಡಿಗೆಮನೆಯ ಕಿಟಕಿಯ ಬಳಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಿಂತು ತೆಗೆದರೆ ಬರುವಂತಿರಲಿಲ್ಲ. ನೆಲದ ಮೇಲೆ ಅವರ ಎದುರಿಗೆ ಕುಳಿತೆ. "ಸುಮ್ಮನೆ ಕೂತುಕೊಳ್ಳೋ ಬದಲು ಒಂದು ಕಟ್ಟು ಬಿಡಿಸೋ" ಎಂದರು. ಬಿಡಿಸಿದೆ. ಮಾತು ತಂದೆಯವರ ಅಗ್ಫಾ ಕ್ಲಿಕ್ ಕ್ಯಾಮೆರಾದ ಕಡೆಗೆ ತಿರುಗಿತು. ರೋಲಿಗೆ ಹನ್ನೆರಡೇ ಚಿತ್ರ. ಒಂದು ರೋಲನ್ನು ಅವರು ಯುಗಾದಿಯಿಂದ ದೀಪಾವಳಿಯವರೆಗೆ ಎಳೆಯುತ್ತಿದ್ದರಂತೆ. ಆ ಕ್ಯಾಮೆರಾಕ್ಕೂ ಜೂಮ್ ಇರಲಿಲ್ಲ. "ಅವರೂ ಹೀಗೇ ಹತ್ತಿರ ಬಂದು ಕೂರುತ್ತಿದ್ದರು ಕಣೋ" ಎಂದು ಹೇಳಿ ತಾಯಿಯವರು ಸೊಪ್ಪಿನಿಂದ ತಲೆಯೆತ್ತಿದರು. ಸಂಕೋಚವಿರಲಿಲ್ಲ, ಸೆರಗಿನ ಗೊಡವೆಯಿರಲಿಲ್ಲ. ಆಗ ಗುಂಡಿ ಒತ್ತಿದೆ.

ಅಚ್ಚು ಹಾಕಿಸಿ ತಂದ ಚಿತ್ರವನ್ನು ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಮ್ಮಮ್ಮನ ಹಾಗೇ ಕಾಣ್ತೀನಲ್ಲೋ!" ಎಂದರು. ತುಸು ಹೊತ್ತಿನ ಮೇಲೆ, "ಗೋಡೆಗೆ ಮಾತ್ರ ಈಗಲೇ ಹಾಕಬೇಡ. ಇನ್ನೂ ಇದ್ದೀನಿ" ಎಂದು ನಕ್ಕರು. ಚಿತ್ರ ಈಗ ನನ್ನ ಮೇಜಿನ ಮೇಲಿದೆ.

ಜೂಮ್ ಮಸೂರವನ್ನು ನಾನು ಮಾರಿಲ್ಲ. ಮಗಳ ಮುಂದಿನ ವಾರ್ಷಿಕೋತ್ಸವಕ್ಕೆ ಅದು ಬೇಕು. ಮಿಕ್ಕ ದಿನಗಳಲ್ಲಿ ಕ್ಯಾಮೆರಾದ ಮೇಲೆ ಈ ಪುಟ್ಟ ಮಸೂರವೇ ಇರುತ್ತದೆ. ಈಚೆಗೆ ಭಾನುವಾರಗಳಂದು ಸೊಪ್ಪು ಬಿಡಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ.