ಕಾಲ್ಗುಣ

ಐದು ವರ್ಷಗಳ ಕೆಳಗೆ, ಮಾಘಮಾಸದ ಒಂದು ಬೆಳಗಿನ ಜಾವದಲ್ಲಿ, ಸಾಸಲಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಸೀಮೆಹಸುವು ಹೆಣ್ಣುಕರುವೊಂದನ್ನು ಈದಿತು. ದೀಪ ಹಿಡಿದು ನೋಡಲಾಗಿ ಕರುವಿನ ಮೈ ತುಂಬಿಕೊಂಡಿತ್ತು, ಕಣ್ಣು ಚುರುಕಾಗಿತ್ತು. ಆದರೆ ಬಲ ಮುಂಗಾಲಿನ ಗೊರಸು ಸೀಳಿರಲಿಲ್ಲ. ಸಂಸ್ಕೃತದಲ್ಲಿ ಕುದುರೆ ಕತ್ತೆಗಳನ್ನು ಏಕಶಫಗಳೆಂದೂ ಹಸು ಎಮ್ಮೆಗಳನ್ನು ದ್ವಿಶಫಗಳೆಂದೂ ವಿಂಗಡಿಸಿರುವರು. ಮೂವತ್ತು ವರ್ಷ ಪಾಠ ಹೇಳಿದ ನಾವು ಈ ಎರಡು ವರ್ಗಗಳೂ ಒಂದೇ ಪ್ರಾಣಿಯಲ್ಲಿ ಕೂಡಿದ್ದುದನ್ನು ಅಂದೇ ಮೊದಲು ಕಂಡೆವು.

ನಮ್ಮ ಸೊಸೆಯು ಮನೆ ತುಂಬಿ ಆಗ ನಾಲ್ಕು ತಿಂಗಳಾಗಿತ್ತು. ಕರುವನ್ನು ನೋಡಲು ಬಂದ ನೆರೆಯ ಹಿರಿಯಾಕೆಯೊಬ್ಬರು, “ಹೊಸಬಳ ಕಾಲ್ಗುಣ” ಎಂದರು. ಮೆಲ್ಲಗೆಯೇ ಎಂದರು, ಆದರೆ ನಡುಮನೆಯಲ್ಲಿದ್ದ ಹುಡುಗಿಗೆ ಕೇಳಿಸುವಷ್ಟು ಮೆಲ್ಲಗೆ. ನಾವೂ ಕೇಳಿದೆವು, ಕೇಳಿ ಸುಮ್ಮನಿದ್ದೆವು. ಹಸು ಗಬ್ಬವಾದುದು ಆಕೆಯ ಲಗ್ನಕ್ಕೆ ಐದು ತಿಂಗಳು ಮೊದಲೆಂಬ ಲೆಕ್ಕವು ನಮಗೆ ತಿಳಿಯದುದಾಗಿರಲಿಲ್ಲ.

ಮಾರನೆಯ ದಿನ ಪಶುವೈದ್ಯರು ಬಂದು ನೋಡಿ, ಇದಕ್ಕೆ ಪಶ್ಚಿಮದವರು ಹೇಸರಗತ್ತೆಯ ಪಾದವೆಂದು ಹೆಸರಿಟ್ಟಿರುವರೆಂದೂ, ಹೋಲ್‌ಸ್ಟೀನ್ ಎಂಬ ಕಪ್ಪು ಬಿಳುಪಿನ ತಳಿಯಲ್ಲಿ ಇದು ಪರಿಚಿತವಾದ ದೋಷವೆಂದೂ, ಬಹುಮಟ್ಟಿಗೆ ಬಲ ಮುಂಗಾಲಿಗೇ ತಗಲುವುದೆಂದೂ ಹೇಳಿದರು. ಕರುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬೀಜಾಂಶ ಬರುವುದಷ್ಟೆ. ಒಂದು ಕೆಟ್ಟು ಇನ್ನೊಂದು ನೆಟ್ಟಗಿದ್ದರೆ ಪ್ರಾಣಿಯೂ ನೆಟ್ಟಗಿರುವುದು. ದೋಷವು ಅಡಗಿಕೊಂಡು ಮುಂದಿನ ಪೀಳಿಗೆಗೆ ಸಾಗುವುದು. ಕೆಟ್ಟವೆರಡು ಕೂಡಿದರೆ ಮಾತ್ರ ಕಾಲಿನಲ್ಲಿ ಕಾಣಿಸಿಕೊಳ್ಳುವುದು. ಹಸುವಿನದು ಅರ್ಧ, ಹೋರಿಯದು ಅರ್ಧ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂದು ಚರ್ಚಿಸಿ ಬೀಜಕ್ಕೆ ಮೇಲ್ಮೆಯನ್ನು ಕೊಟ್ಟಿದೆ. ಗುಣಕ್ಕೆ ಬೀಜವನ್ನು ಹೊಗಳುವ ಲೋಕವು ದೋಷ ಬಂದಾಗ ಮಾತ್ರ ಕ್ಷೇತ್ರವನ್ನು ಹಳಿಯುವುದೇಕೋ! ಲೋಕವನ್ನು ಅನ್ನುವುದೇಕೆ, ವೈದ್ಯರ ಮಾತನ್ನೆಲ್ಲ ಕೇಳಿಯೂ ನಾವು ಎರಡು ತಿಂಗಳೊಳಗೆ ಆ ಹಸುವನ್ನು ಮಾರಿಬಿಟ್ಟೆವು. ಹೋರಿಯ ವಿಚಾರವನ್ನು ಯಾರೂ ಎತ್ತಲಿಲ್ಲ. ಅದು ನಮ್ಮ ಕೊಟ್ಟಿಗೆಗೆ ಬಂದುದು ಹುಲ್ಲುಕಡ್ಡಿಯಂಥ ಕೊಳವೆಯೊಂದರಲ್ಲಿ. ಎಲ್ಲಿಯದೆಂದು ಕೇಳುವ ಬುದ್ಧಿಯೂ ನಮಗಿರಲಿಲ್ಲ.

ಹೋರಿಯನ್ನು ಪರೀಕ್ಷಿಸುವ ಬಗೆಯುಂಟೇ ಎಂದು ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡೆವು. ಹಿಂದೆ ಇದ್ದ ಉಪಾಯವು ಇದು: ಒಂಟಿಗೊರಸಿನ ಹಸುವಿಗೆ ಹೋರಿಯನ್ನು ಕೂಡಿಸುವುದು. ಹೋರಿಯಲ್ಲಿ ದೋಷ ಅಡಗಿದ್ದರೆ ಸರಿಸುಮಾರು ಅರ್ಧದಷ್ಟು ಕರುಗಳ ಕಾಲು ಕೆಡುವುದು. ಏಳು ಕರುಗಳು ನೆಟ್ಟಗೆ ಹುಟ್ಟಿದರೆ, ದೋಷವಿದ್ದೂ ತಪ್ಪಿಸಿಕೊಂಡಿರುವ ಸಂಭವ 128ರಲ್ಲಿ 1 ಮಾತ್ರ. ಆದರೆ ಅಂಥ ಹಸುಗಳು ಸಿಕ್ಕುವುದು ವಿರಳ, ಒಂದೊಂದು ಕರುವಿಗೂ ಒಂಬತ್ತು ತಿಂಗಳು ಕಾಯಬೇಕು. 1951ರಲ್ಲಿ ಅಮೆರಿಕದಲ್ಲಿ ಒಂದು ಹಸುವಿನ ಭ್ರೂಣವನ್ನು ಇನ್ನೊಂದರ ಗರ್ಭದಲ್ಲಿಟ್ಟು ಕರುವನ್ನು ಪಡೆದಿದ್ದರು. ಆ ವಿದ್ಯೆಯನ್ನೇ ಈ ಪರೀಕ್ಷೆಗೆ ಹೂಡಿ 1980ರಲ್ಲಿ ಲೈಪೋಲ್ಡ್ ಮೊದಲಾದ ಪಂಡಿತರು ಪ್ರಕಟಿಸಿದರು. ಒಂಟಿಗೊರಸಿನ ಹಸುವಿಗೆ ಔಷಧ ಕೊಟ್ಟು ಒಂದೇ ಬೆದೆಯಲ್ಲಿ ಹಲವು ಅಂಡಗಳು ಬಿಡುವಂತೆ ಮಾಡಿ, ಪರೀಕ್ಷೆಯ ಹೋರಿಯ ವೀರ್ಯವನ್ನು ಕೊಟ್ಟು, ಒಂದು ವಾರದ ಭ್ರೂಣಗಳನ್ನು ತೊಳೆದು ತೆಗೆದು ಬೇರೆ ಹಸುಗಳ ಗರ್ಭದಲ್ಲಿಡುವುದು; ಎರಡು ತಿಂಗಳ ಹೊತ್ತಿಗೆ ಪಿಂಡಗಳನ್ನು ಹೊರತೆಗೆದು ಪಾದಗಳನ್ನು ನೋಡುವುದು. ವರ್ಷಗಳ ಕೆಲಸವು ತಿಂಗಳುಗಳಲ್ಲಿ ಮುಗಿಯುವುದು.

ಆ ಪಿಂಡಗಳು ಕರುಗಳಾಗಲಿಲ್ಲ. ಇದನ್ನು ಓದಿದ ರಾತ್ರಿ ನಮಗೆ ಊಟ ಸೇರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಹಿಂದೆ ಊರ ದೇವರ ಬಸವನ ಸಂತತಿಯು ನಾಲ್ಕು ಊರು ದಾಟುತ್ತಿರಲಿಲ್ಲ. ಈಗಲಾದರೋ ಒಂದೇ ಹೋರಿಯ ಹೆಪ್ಪುಗಟ್ಟಿಸಿದ ವೀರ್ಯವು ಸಾವಿರಾರು ಕೊಟ್ಟಿಗೆಗಳಿಗೆ ಹೋಗುತ್ತದೆ. ಅಷ್ಟು ಮನೆಗಳ ಕಷ್ಟವನ್ನು ಎಣಿಸಿದಾಗ ಆ ಪಂಡಿತರನ್ನು ಹಳಿಯಲು ಬಾಯಿ ಬರುವುದಿಲ್ಲ. ಪುಣ್ಯಕ್ಕೆ ಆ ಕ್ರೂರವಾದ ದಾರಿಯೂ ಈಗ ಅನಾವಶ್ಯಕವಾಗಿದೆ. 2006ರ ಸುಮಾರಿಗೆ ಈ ದೋಷದ ನೆಲೆಯು ಹಸುವಿನ ಹದಿನೈದನೆಯ ವರ್ಣತಂತುವಿನಲ್ಲಿರುವ ಎಲ್‌ಆರ್‌ಪಿ4 ಎಂಬ ಜೀನೆಂದು ಗೊತ್ತಾಯಿತು. ಹೋರಿಯ ಒಂದು ತೊಟ್ಟು ರಕ್ತವೋ ಬುಡಸಹಿತ ಕಿತ್ತ ನಾಲ್ಕು ಕೂದಲೋ ಇದ್ದರೆ ಸಾಕು.

ಕರುವನ್ನು ಮಾತ್ರ ನಾವು ಮಾರಲಿಲ್ಲ, ಕೊಳ್ಳುವವರೂ ಇರಲಿಲ್ಲವೆನ್ನಿ. ಸೊಸೆಯೇ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ, ಕಾಲಿಗೆ ಬೇವಿನೆಣ್ಣೆ ತಿಕ್ಕಿ ಸಾಕಿದಳು. ಕುಂಟುತ್ತಲೇ ಎರಡು ಬೇಸಿಗೆ ಕಳೆದು, ಮೂರನೆಯದರಲ್ಲಿ ಸತ್ತಿತು. ವೈದ್ಯರು ಹೇಳಿದುದನ್ನೆಲ್ಲ ನಾವು ಆಕೆಗೆ ಬಿಡಿಸಿ ಹೇಳಿದುದು ಅದು ಸತ್ತ ಮೇಲೆ, ಬಹಳ ತಡವಾಗಿ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಇದನ್ನು ಆವತ್ತೇ ಅವರ ಎದುರಿಗೆ ಹೇಳಬಹುದಾಗಿತ್ತು” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಹೊಸ ಹಸುವು ಬೆದೆಗೆ ಬಂದಿತು. ಇಂಜೆಕ್ಷನ್ ಕೊಡುವಾತನು ಬಂದಾಗ ಆಕೆಯೇ ಕೊಟ್ಟಿಗೆಗೆ ಹೋಗಿ, ಹೋರಿಯ ಪರೀಕ್ಷೆಯಾಗಿದೆಯೇ ಎಂದು ಕೇಳಿ, ಕೊಳವೆಯ ಮೇಲಿನ ನಂಬರನ್ನು ಓದಿಸಿಕೊಂಡು ಬಂದಳು. ಅದು ಈಗ ನಮ್ಮ ಪಂಚಾಂಗದ ಹಿಂಬದಿಯ ಹಾಳೆಯಲ್ಲಿ ಆಕೆಯ ಕೈಬರಹದಲ್ಲಿದೆ.