ಮೊದಲು ಪೂಜ್ಯ

ಹೊಸೂರಿನ ಕಾರ್ಖಾನೆಯೊಂದರ ಗೇಜ್ ರೂಮಿನಲ್ಲಿ ನಾನು ಇಪ್ಪತ್ತೆಂಟು ವರ್ಷ ದುಡಿದೆ. ಕಡುಬೇಸಿಗೆಯಲ್ಲೂ 20 ಡಿಗ್ರಿಯಲ್ಲಿಟ್ಟ ಕೋಣೆ ಅದು. ಇತರರು ಅಳೆಯಲು ಬಳಸುವ ಉಪಕರಣಗಳನ್ನು ಅಳೆದು ಸರಿಪಡಿಸುವುದು ನಮ್ಮ ಕಸುಬು. ಪಕ್ಕದ ಮೇಜಿನವನು ಕುಂಬಳೆ ಕಡೆಯವನು. ಹೊಸದಾಗಿ ಸೇರಿದ ನನಗೆ ಅವನು ಹೇಳಿಕೊಟ್ಟ ಮೊದಲ ಪಾಠ, "ಆದ್ಯಂ ಪೂಜ್ಯಂ ನೋಕ್ಕಣಂ." ಯಾರೋ ದೊಡ್ಡವರು ಬಂದರೆಂದುಕೊಂಡು ನಾನು ಎದ್ದು ನಿಂತೆ! ಮಲಯಾಳದಲ್ಲಿ ಪೂಜ್ಯವೆಂದರೆ ಸೊನ್ನೆ. ತಮಿಳಿನಲ್ಲೂ ಅದೇ ಅರ್ಥವಿದೆಯೆಂಬುದು, ಹೊಸೂರಿನವನಾಗಿಯೂ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ.

ಕಳೆದ ವರ್ಷ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ದಿನವೂ ಇಪ್ಪತ್ತು ನಿಮಿಷ ವ್ಯಾಯಾಮದ ಸೈಕಲ್ ತುಳಿಯಬಹುದು, ಆದರೆ ಆರು ವಾರ 60 ವಾಟ್ ದಾಟಕೂಡದು ಎಂದು ಡಾಕ್ಟರು ಹೇಳಿದರು. ಒಂದು ಕುದುರೆ ಶಕ್ತಿಯೆಂದರೆ 746 ವಾಟ್. ನನಗೆ ಸಿಕ್ಕಿದ್ದು ಕುದುರೆಯ ಹನ್ನೆರಡರಲ್ಲೊಂದು ಪಾಲು. ಮಗ ಸೈಕಲ್ ಕಳಿಸಿದ. ಅದರ ಪರದೆಯ ಅಂಕಿಯನ್ನು ನಂಬಬೇಡಿ, ವೇಗವನ್ನೂ ಬಿಗಿಯ ಮಟ್ಟವನ್ನೂ ನೋಡಿ ಅದು ಬರಿದೇ ಅಂದಾಜು ಮಾಡುತ್ತದೆ ಎಂದು ಶಕ್ತಿ ಅಳೆಯುವ ಪೆಡಲುಗಳನ್ನೂ ಕಳಿಸಿದ.

1986ರಲ್ಲಿ ಉಲ್ರಿಚ್ ಶೋಬರರ್ ಎಂಬ ಜರ್ಮನ್ ಎಂಜಿನಿಯರ್ ಸೈಕಲಿನ ಕ್ರಾಂಕಿಗೆ ಸ್ಟ್ರೇನ್ ಗೇಜ್ ಅಂಟಿಸಿ ಸವಾರನ ಶಕ್ತಿಯನ್ನು ಅಳೆಯುವ ಉಪಕರಣ ಮಾಡಿದ. ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೇಜಿನ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ಬಲ, ಬಲಕ್ಕೆ ತಿರುಗುವ ವೇಗ ಸೇರಿದರೆ ವಾಟ್. ಈ ವಿದ್ಯೆಯೇ ಈಗ ಪೆಡಲಿನ ಅಚ್ಚಿನೊಳಗೆ ಬಂದಿದೆ.

ಬೆಂಗಳೂರಿನಿಂದ ಬಂದ ಮೊಮ್ಮಗ ಪೆಡಲುಗಳನ್ನು ಹಾಕಿದ. ಎಡಪೆಡಲಿನ ಮರೆ ತಿರುಗುಮುರುಗು. ಮೊದಲು ಮರೆತು, ಇದ್ದದ್ದನ್ನು ಇನ್ನಷ್ಟು ಬಿಗಿದ. ಆಮೇಲೆ ಬ್ಲೂಟೂತಿನಲ್ಲಿ ಫೋನಿಗೆ ಜೋಡಿಸುವ ಕೆಲಸ. ಡೆನ್ಮಾರ್ಕ್ ಮತ್ತು ನಾರ್ವೆಯ ಜನರನ್ನು ಒಂದುಗೂಡಿಸಿದನೆಂದು ಹೆಸರಾದ ಹತ್ತನೆಯ ಶತಮಾನದ ರಾಜನ ಅಡ್ಡಹೆಸರಂತೆ ಅದು. ಗಡಿಯಲ್ಲಿರುವ ನಮಗೆ ಹಿಡಿಸಬೇಕಾದ ಹೆಸರೇ. ಆದರೆ ಫೋನು ಪೆಡಲನ್ನು ಬಿಟ್ಟು ಸೈಕಲಿನ ಅಂದಾಜಿನ ಜೊತೆಗೇ ನೆಂಟಸ್ತಿಕೆ ಬೆಳೆಸಿತ್ತು. ಅದನ್ನು ಬಿಡಿಸಿ, ಪೆಡಲು ಒಂದು ಸುತ್ತು ತಿರುಗಿಸಿ ಎಬ್ಬಿಸಿ, ಹೊಸದಾಗಿ ಜೋಡಿಸಬೇಕಾಯಿತು. ಫೋನು ಕ್ರಾಂಕಿನ ಉದ್ದ 172.5 ಮಿ.ಮೀ. ಎಂದು ತಾನೇ ಊಹಿಸಿಕೊಂಡಿತ್ತು, ನಮ್ಮದು 170. ಅದನ್ನೂ ತಿದ್ದಿದೆವು.

"ತಾತ, ಕಾಲು ತೆಗಿ. ಸೊನ್ನೆ ಮಾಡಬೇಕು," ಎಂದ ಹುಡುಗ.

ಕೋಣೆಯ ಬಿಸಿಗೆ ಪೆಡಲು ಹೊಂದಿಕೊಳ್ಳಲಿ ಎಂದು ಅರ್ಧ ಗಂಟೆ ಕಾಯಿಸಿದೆ. ಅಷ್ಟಕ್ಕೂ ನನಗೆ ಸಮಾಧಾನವಿಲ್ಲ. ಬ್ರೇಕು ಬಿಗಿದು ಎಡ ಕ್ರಾಂಕನ್ನು ಅಡ್ಡಕ್ಕೆ ನಿಲ್ಲಿಸಿ, ಅಂಗಡಿಯಲ್ಲಿ ತೂಗಿಸಿ ತಂದ 10 ಕೆ.ಜಿ. ರಾಗಿ ಚೀಲವನ್ನು ಹುಡುಗನ ಕೈಯಲ್ಲಿ ಪೆಡಲಿಗೆ ತೂಗುಹಾಕಿಸಿದೆ. ಫೋನು 9.9 ತೋರಿಸಿತು. "ಪಾಸ್," ಎಂದೆ. ಮನೆಯಾಕೆ ನಕ್ಕು ಚೀಲವನ್ನು ಒಳಗೆ ಒಯ್ದಳು.

ಮುಂದಿನ ಹತ್ತು ದಿನ ಫೋನಿನಲ್ಲಿ 55 ವಾಟ್, ಸೈಕಲಿನ ಪರದೆಯಲ್ಲಿ 75. ಪರದೆಯನ್ನು ನೋಡಿ ನಗುತ್ತಿದ್ದೆ. ಆದರೆ ಹತ್ತನೆಯ ನಿಮಿಷಕ್ಕೇ ಏದುಸಿರು ಬರುತ್ತಿತ್ತು, ನಾಡಿ ಹಿಡಿದರೆ ಓಟ. ವಯಸ್ಸಾಯಿತು ಎಂದುಕೊಂಡೆ. ಮನೆಯಾಕೆಗೆ ಹೇಳಲಿಲ್ಲ.

ಒಂದು ಸಂಜೆ ಎಡಮಂಡಿ ಹಿಡಿದುಕೊಂಡಿತು. ಹಿಂದೆ ಡೆಂಕಣಿಕೋಟೆ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದಾಗ ಪೆಟ್ಟಾದ ಮಂಡಿ ಅದು. ಎಡಗಾಲನ್ನು ಸ್ಟೂಲಿನ ಮೇಲಿಟ್ಟು ಬಲಗಾಲೊಂದರಿಂದಲೇ ತುಳಿದೆ. ಚಕ್ರ ಸುತ್ತುತ್ತಿದೆ, ಬೆವರು ಇಳಿಯುತ್ತಿದೆ. ಫೋನಿನಲ್ಲಿ ಹೆಚ್ಚುಕಡಿಮೆ ಪೂಜ್ಯ!

ಪೆಟ್ಟಿಗೆಯ ಕಾಗದವನ್ನು ಕನ್ನಡಕ ಹಾಕಿ ಆಗ ಓದಿದೆ. ಗೇಜ್ ಇರುವುದು ಎಡಪೆಡಲಿನಲ್ಲಿ ಮಾತ್ರ. ಎಡಗಾಲಿನ ಶಕ್ತಿಯನ್ನು ಅಳೆದು ಎರಡರಿಂದ ಗುಣಿಸಿ ಹೇಳುತ್ತದೆ. ಎರಡೂ ಕಾಲು ಸಮ ಎಂಬ ನಂಬಿಕೆ ಅದರದು. ಜನಗಣತಿಯವರು ಬಂದಾಗ ಮಾತೃಭಾಷೆಯ ಕಲಮಿಗೆ ಒಂದೇ ಹೆಸರು ಬರೆದುಕೊಂಡು ಹೋಗುತ್ತಾರಲ್ಲ, ಒಳಗೆ ಕನ್ನಡ, ತೆಲುಗು, ತಮಿಳು ಮೂರೂ ಒಲೆಯ ಮುಂದೆ ಕೂತಿರುತ್ತವೆ. ನನ್ನ ಎಡಗಾಲು ವರ್ಷಗಳಿಂದ ಮೈಗಳ್ಳ. ಅದು ಕೊಟ್ಟದ್ದು 27 ವಾಟ್ ಇದ್ದೀತು, ಗುಣಿಸಿದರೆ 55ರ ಹತ್ತಿರ. ಬಲಗಾಲು ಲೆಕ್ಕಕ್ಕೆ ಸಿಗದೆ ಎಷ್ಟು ಕೊಡುತ್ತಿತ್ತೋ! ನಾನು ನಕ್ಕ ಪರದೆಯ ಅಂದಾಜೇ ನಿಜಕ್ಕೆ ಹತ್ತಿರವಿದ್ದಿರಬೇಕು. ಹತ್ತು ದಿನ ಡಾಕ್ಟರ ಗೆರೆಯ ಆಚೆಗೇ ತುಳಿದಿದ್ದೆ. ಉಪಕರಣದಲ್ಲಿ ದೋಷವಿಲ್ಲ, ಸೊನ್ನೆಯೂ ಸರಿ, ರಾಗಿಯೂ ಸರಿ. ಅದು ಅಳೆಯುತ್ತಿರುವುದು ಏನನ್ನು ಎಂದು ಮಾತ್ರ ಇಪ್ಪತ್ತೆಂಟು ವರ್ಷ ಗೇಜ್ ರೂಮಿನಲ್ಲಿದ್ದವನು ಕೇಳಲಿಲ್ಲ. ಆ ರಾತ್ರಿ ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು.

ಮರುದಿನ ಡಾಕ್ಟರು ಇ.ಸಿ.ಜಿ. ತೆಗೆದು, ತೊಂದರೆಯಾಗಿಲ್ಲ ಎಂದರು. ಅಂಕಿಯನ್ನು ಪಕ್ಕಕ್ಕಿಡಿ, ತುಳಿಯುತ್ತ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನಿಧಾನಿಸಿ ಎಂದರು.

ಮಾತಾಡಲು ಯಾರಾದರೂ ಬೇಕಲ್ಲ. ಸಂಜೆ ಆರಕ್ಕೆ ಕುಂಬಳೆಗೆ ಫೋನು ಹಚ್ಚಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಅವನು ಮಲಯಾಳದಲ್ಲಿ, ನಾನು ಕನ್ನಡದಲ್ಲಿ. ಅವನೂ ನಿವೃತ್ತ, ಅವನಿಗೂ ಹೊತ್ತು ಹೋಗಬೇಕು. ನನ್ನ ವಾಕ್ಯ ನಡುವೆ ತುಂಡಾದರೆ ಆ ಕಡೆಯಿಂದ ಕೇಳಿಸುತ್ತದೆ: "ಮೆಲ್ಲೆ, ಮೆಲ್ಲೆ."